ಏಲಕ್ಕಿ ದಾರಿಯ ಹೊರೆಗಲ್ಲು

ದಾರಿ ತೆರೆದ ದಿನ ಮೊಮ್ಮಗಳ ಕೆಲಸ ಕೆಡಿಸಲು ಹೊರಟವಳು ನಾನೇ. ಮಳೆ ಬರಲಿಲ್ಲ, ಆನೆ ಎದುರಾಗಲಿಲ್ಲ. ಕೆಟ್ಟಿದ್ದು ನನ್ನ ಬಾಯಿಂದ.

ಅದು ನಮ್ಮ ಬೆಟ್ಟದಿಂದ ಸೋಮವಾರಪೇಟೆ ಸಂತೆಗೆ ಇಳಿಯುವ ಕಾಲುದಾರಿ. ಬಸ್ಸಿನ ರಸ್ತೆ ಆಗುವ ಮುಂಚೆ ಏಲಕ್ಕಿ ಮೂಟೆ, ಕಿತ್ತಳೆ ಬುಟ್ಟಿ ಎಲ್ಲ ತಲೆ ಮೇಲೇ ಹೋಗುತ್ತಿತ್ತು. ಹೊಟ್ಟೇಲಿ ಮಗು ಇದ್ದಾಗಲೂ ನಾನು ಹೊತ್ತಿದ್ದೇನೆ. ಬಸ್ಸು ಬಂತು, ಹುಲ್ಲಿಗೆ ಹೋಗುವವರು ತುಳಿದಷ್ಟು ಬಿಟ್ಟು ಮಿಕ್ಕ ದಾರಿಯನ್ನು ಲಂಟಾನದ ಪೊದೆ ನುಂಗಿತು. ಯಾರೂ ಅಳಲಿಲ್ಲ. ಈಗ ಪೇಟೆಯವರಿಗೆ ಬೆಟ್ಟ ಹತ್ತೋದೇ ಖುಷಿಯಂತೆ. ಅದಕ್ಕೇ ಊರಿನ ಸಮಿತಿಯವರು ಪೊದೆ ಕಡಿದು, ಜಾರುವ ಕಡೆ ಮೆಟ್ಟಿಲು ಕಟ್ಟಿ, ದಾರಿಯನ್ನು ಮತ್ತೆ ಎಬ್ಬಿಸಿದರು.

ಬಂದವರನ್ನು ಕರೆದುಕೊಂಡು ಹೋಗೋಕೆ ಗೈಡು ಬೇಕಿತ್ತು. ಮೊಮ್ಮಗಳು ಅರ್ಜಿ ಹಾಕಿದಳು. ಮೊದಲ ದಿನ ಚೆನ್ನಾಗಿ ಮಾಡಿದರೆ ಕೆಲಸ, ಇಲ್ಲದಿದ್ದರೆ ಎಸ್ಟೇಟಿನಲ್ಲಿ ಕಾಫಿ ಪಿಕಿಂಗ್. ಅವಳಿಗೆ ಕಾಫಿ ಗಿಡದ ಕೆಂಜಿಗ ಇರುವೆ ಕಚ್ಚಿದರೆ ಮುಖ ಬನ್ನಿನ ಹಾಗೆ ಊದುತ್ತದೆ. ವಾರವಿಡೀ ಅಡುಗೆಮನೆಯಲ್ಲಿ ನಿಂತು ಸಮಿತಿಯವರು ದಾರಿಯಲ್ಲಿ ನೆಟ್ಟ ಬೋರ್ಡುಗಳ ಮಾತು ಬಾಯಿಪಾಠ ಮಾಡಿದಳು. ನಾನು ರೊಟ್ಟಿ ತಟ್ಟುತ್ತಾ ಕಿವಿಗೆ ಹಾಕಿಕೊಳ್ಳಲಿಲ್ಲ. ಅದೇ ತಪ್ಪಾಯಿತು.

ಆ ದಿನ ಇಪ್ಪತ್ತು ಜನ, ಜೊತೆಗೆ ಸಮಿತಿಯ ಅಧ್ಯಕ್ಷರು. ಹಳಬಳು ಅಂತ ನನ್ನನ್ನೂ ಕರೆದಿದ್ದರು. ಅರ್ಧ ದಾರಿಯಲ್ಲಿ ಹೊರೆಗಲ್ಲು ಬಂತು. ಎರಡು ನಿಂತ ಕಲ್ಲು, ಮೇಲೊಂದು ಅಡ್ಡ ಚಪ್ಪಡಿ, ನನ್ನ ಕಿವಿಯ ಮಟ್ಟ. ಮೊಮ್ಮಗಳು ಗಂಟಲು ಸರಿಮಾಡಿಕೊಂಡು, "ಇದು ನ್ಯಾಯಪೀಠ. ಹಿಂದೆ ರಾಜರ ಕಡೆಯವರು ಇದರ ಮೇಲೆ ಕೂತು ತೀರ್ಪು ಹೇಳ್ತಿದ್ರು" ಅಂದಳು.

"ಏಣಿ ಹಾಕ್ಕೊಂಡು ಹತ್ತುತ್ತಿದ್ರೇನೇ?" ಅಂದುಬಿಟ್ಟೆ.

ಎಲ್ಲರೂ ನಕ್ಕರು. ಅವಳ ಮುಖ ಕಪ್ಪಾಯಿತು. ಅಧ್ಯಕ್ಷರು ಅವಳನ್ನೊಮ್ಮೆ, ಕಲ್ಲಿನ ಪಕ್ಕದ ಬೋರ್ಡನ್ನೊಮ್ಮೆ ನೋಡಿದರು. ಬೋರ್ಡು ಬರೆಸಿದವರು ಅವರೇ ಅಂತ ನನಗೆ ಆಮೇಲೆ ಗೊತ್ತಾಗಿದ್ದು.

"ಹಾಗಾದ್ರೆ ಇದೇನು ಅಜ್ಜಿ?" ಅಂದರು, ಸ್ವಲ್ಪ ಬಿಗಿಯಾಗಿ.

ಹೇಳೋಕೆ ಬಾಯಿ ತೆರೆದವಳು ಮುಚ್ಚಿದೆ. ನಾನು ಹೇಳಿದರೆ ಕೆಲಸ ನನಗೆ ಬರುತ್ತದೆ, ಅವಳಿಗಲ್ಲ. "ಅವಳನ್ನೇ ಕೇಳಿ. ಇದೇ ಕಲ್ಲಿನ ಮೇಲೆ ದನಕ್ಕೆ ಹುಲ್ಲಿನ ಹೊರೆ ಇಳಿಸಿದವಳು" ಅಂದೆ.

ಅವಳು ನನ್ನನ್ನು ಸುಡುವ ಹಾಗೆ ನೋಡಿದಳು. ಆಮೇಲೆ ದುಪಟ್ಟಾ ಬಿಚ್ಚಿ ಸುತ್ತಿ ಸಿಂಬಿ ಮಾಡಿ ತಲೆಗಿಟ್ಟಳು. ಊಟದ ಪೊಟ್ಟಣಗಳ ಚೀಲವನ್ನು ಇಬ್ಬರು ಅದರ ಮೇಲೆ ಎತ್ತಿಕೊಟ್ಟರು. ಹತ್ತು ಹೆಜ್ಜೆ ಹೋಗಿ ಬಂದು ಕಲ್ಲಿಗೆ ಎದೆ ಕೊಟ್ಟು ನಿಂತಳು, ಮಂಡಿ ತುಸು ಬಗ್ಗಿಸಿದಳು, ಚೀಲ ತಾನೇ ಚಪ್ಪಡಿಗೆ ಜಾರಿತು. ಮತ್ತೆ ತಲೆ ಕೊಟ್ಟು ಎಳೆದುಕೊಂಡು ಹೊರಟೇಬಿಟ್ಟಳು.

"ಒಬ್ಬಳೇ ಬರುವವಳಿಗೆ ಹೊರೆ ಇಳಿಸೋಕೆ, ಎತ್ತೋಕೆ ಯಾರೂ ಇರ್ತಿರಲಿಲ್ಲ. ಅದಕ್ಕೆ ಈ ಕಲ್ಲು" ಅಂದಳು. ಈ ಸಲ ಬಾಯಿಪಾಠ ಅಲ್ಲ.

ಆಮೇಲೆ ಸಾಲು ನಿಂತರು ನೋಡಿ, ನಾನು ಹೊರ್ತೀನಿ, ನಾನು ಹೊರ್ತೀನಿ ಅಂತ. ಒಬ್ಬ ದಪ್ಪ ಮನುಷ್ಯ ಕತ್ತು ತಿರುಗಿಸಿದ, ಚೀಲ ಬಿತ್ತು, ಚಿತ್ರಾನ್ನದ ಪೊಟ್ಟಣಗಳು ಇಳಿಜಾರಿನಲ್ಲಿ ಉರುಳಿದವು. ಅಧ್ಯಕ್ಷರೇ ಓಡಿ ಹಿಡಿದರು.

"ಬೋರ್ಡು ತೆಗೆಸ್ತೀನಿ. ನಾಳೆಯಿಂದ ನೀನೇ ಬಾರಮ್ಮ, ಎಲ್ಲರಿಗೂ ಹೊರಿಸು" ಅಂದರು ಮೊಮ್ಮಗಳಿಗೆ, ಏದುಸಿರು ಬಿಡುತ್ತಾ.

ಬರುವಾಗ ಮೊಮ್ಮಗಳು ಕಿವಿಯ ಹತ್ತಿರ ಬಂದು, "ಅಜ್ಜಿ, ಇನ್ನೊಂದ್ಸಲ ಮಧ್ಯೆ ಬಾಯಿ ಹಾಕಿದ್ರೆ ನಿಮ್ಮನ್ನ ಆ ಚಪ್ಪಡಿ ಮೇಲೆ ಕೂರಿಸಿ ಬರ್ತೀನಿ" ಅಂದಳು.

"ಏಣಿ ತಗೊಂಡು ಬಾ" ಅಂದೆ.

ಮಾರನೇ ದಿನ ಬೆಳಗ್ಗೆ ಕಾಫಿ ಕುಡಿದ ಮೇಲೆ ನನ್ನ ಎರಡು ಹಳೇ ಸೀರೆ ಹರಿದು, ಅವಳು ಹೊರಡುವುದರೊಳಗೆ ಆರು ಸಿಂಬಿ ಸುತ್ತಿಕೊಟ್ಟೆ. ದಪ್ಪ ತಲೆಯವರಿಗೆ ಅಂತ ಒಂದು ದೊಡ್ಡದು.