ಅಮರೇಶ್ವರಿಯ ಬಾತ ಕಾಲು

ಸಿಂಧನೂರಿನ ಒಂದು ಆಸ್ಪತ್ರೆಯಲ್ಲಿ ನಾನು ಅರ್ಧ ತಾಸು ಬಸುರಿಯರ ಪಾಳಿಯಲ್ಲಿ ನಿಂತಿದ್ದೆ. ಕನ್ನಡಕ ಮನೆಯಲ್ಲಿ ಉಳಿದಿತ್ತು, ಹೊಟ್ಟೆ ಜೊತೆಗೆ ಬಂದಿತ್ತು. ಹೀಗಾಗಿ ಯಾರೂ ಅನುಮಾನಪಡಲಿಲ್ಲ. ಕೊನೆಗೆ ಹಿಂದಿದ್ದ ಹೆಣ್ಣುಮಗಳು, "ನಿಮಗ ಎಷ್ಟು ತಿಂಗಳ್ರೀ ಸರ?" ಎಂದಾಗ ಪಾಳಿಗೆ ಪಾಳಿಯೇ ನಕ್ಕಿತು. ಜವಾನ ಪಂಪಾಪತಿ ಕೈಹಿಡಿದು ನನ್ನನ್ನು ಗಂಡಸರ ಪಾಳಿಗೆ ಬಿಟ್ಟು ಹೋದ.

ಅಲ್ಲಿ ನನ್ನ ಮುಂದೆ, ಗೋಡೆಗೊರಗಿ ಒಂಟಿಕಾಲಲ್ಲಿ ನಿಂತಿದ್ದವಳು ಗುರುಗುಂಟಾದ ಅಮರೇಶ್ವರಿ. ಮನೆಯವರು ಅಮರೇಶ ಎಂದು ಹೆಸರಿಟ್ಟಿದ್ದರು. ಹದಿನಾರಕ್ಕೆ ಹುಲಿಗೆಮ್ಮ ದೇವಿಯ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡು ಜೋಗತಿಯಾಗಿ, ಸೀರೆ ಉಟ್ಟು, ತಾನೇ ಆ ಹೆಸರನ್ನು ತಿದ್ದಿಕೊಂಡಳು. ಇಪ್ಪತ್ತೈದು ವರ್ಷದಿಂದ ಮಂಗಳವಾರ, ಶುಕ್ರವಾರ ದೇವಿಯ ಬುಟ್ಟಿ ಹೊತ್ತು ಬರಿಗಾಲಲ್ಲಿ ಊರೂರು ತಿರುಗುತ್ತಾಳೆ. ಈ ಕಡೆ ಎಷ್ಟೋ ಮನೆಗಳಲ್ಲಿ ಹುಟ್ಟಿದ ಕೂಸನ್ನು ಮೊದಲು ಅವಳ ಉಡಿಗೆ ಹಾಕಿ, ಹಣೆಗೆ ದೇವಿಯ ಅರಿಸಿನ, ಭಂಡಾರ ಹಚ್ಚಿಸುತ್ತಾರೆ. ತೊಟ್ಟಿಲು ಆಮೇಲೆ.

ಪಾಮನಕಲ್ಲೂರಿನ ಹಾದಿಯಲ್ಲಿ ಅವಳ ಕಾಲಿಗೆ ಜಾಲಿಮುಳ್ಳು ನಟ್ಟು ವಾರವಾಗಿತ್ತು. ಸಕ್ಕರೆ ಕಾಯಿಲೆಯ ಮೈ. ಪಾದ ಬಾತು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಲಿಂಗಸುಗೂರಿನಲ್ಲಿ ಕಂಪೌಂಡರ್ ಬಾಗಿಲಲ್ಲೇ ಗುಳಿಗೆ ಕೊಟ್ಟು ಸಾಗಹಾಕಿದ್ದ. ಮಸ್ಕಿಯಲ್ಲಿ ಸಿಸ್ಟರ್ ಗಂಡಸರ ಕಡೆ ಕಳಿಸಿದಳು, ಗಂಡಸರ ಕಡೆಯವನು ಸಿಸ್ಟರ್ ಕಡೆಗೆ. ಇವತ್ತು ಕೊಯ್ದು ಕೀವು ತೆಗೆಯದಿದ್ದರೆ ಪಾದ ಉಳಿಯುವುದಿಲ್ಲ ಎಂದವನು ಔಷಧಿ ಅಂಗಡಿಯ ಜಾಹೀದ್. ಅಲ್ಲಿಯವರೆಗೆ ಆ ಕಾಲನ್ನು ಕಣ್ಣಿಟ್ಟು ನೋಡಿದ್ದವನು ಅವನೊಬ್ಬನೇ.

ಪಾಳಿ ಬಂದಾಗ ಅವಳು ಒಳಗೆ ಹೋದಳು. ವೈದ್ಯರ ಕೋಣೆಯ ಪರದೆ ಅರ್ಧ ಹರಿದಿತ್ತು. ಬಾಗಿಲಿಗೇ ಹತ್ತಿ ನಿಂತಿದ್ದ ನನಗೆ ಒಳಗಿನದೆಲ್ಲ ಕಾಣುತ್ತಿತ್ತು. ಎಳೆಯ ವೈದ್ಯ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಕೇಳಿದ:

"ಆಪರೇಷನ್ ಎಲ್ಲಿ ಮಾಡಿಸ್ಕೊಂಡಿ?"

"ಕಾಲಿಗಿನ್ನಾ ಆಗಿಲ್ರೀ."

"ಕಾಲಿಂದಲ್ಲ. ಸೀರಿ ಮ್ಯಾಲೆತ್ತು."

ಪಕ್ಕದ ಕೋಣೆಯಿಂದ ಇನ್ನಿಬ್ಬರನ್ನು ಕರೆದ. ಒಬ್ಬ ಮೊಬೈಲಿನ ಬೆಳಕು ಹಿಡಿದ, ಇನ್ನೊಬ್ಬ ಕಿಸಕ್ಕನೆ ನಕ್ಕ.

"ಕಾಲು ಕೆಳಗೈತ್ರೀ ಸಾಹೇಬ್ರ," ಎಂದಳು ಅಮರೇಶ್ವರಿ.

ಊರ ತುಂಬ ಮಾನವೀಯತೆಯ ಭಾಷಣ ಮಾಡುವ ನಾನು ಮಾಡಿದ್ದೇನೆಂದರೆ, ಗೋಡೆಯ ಮೇಲಿನ 'ಕೈ ತೊಳೆಯುವ ವಿಧಾನ'ವನ್ನು ಕನ್ನಡಕವಿಲ್ಲದೆಯೇ ಓದುವವನಂತೆ ನಿಂತದ್ದು.

"ನಿನ್ನ ಯಾವ ವಾರ್ಡಿನ್ಯಾಗ ಮಲಗಸ್ಲಿ? ರಾಯಚೂರಿಗೆ ಹೋಗು," ಎಂದು ವೈದ್ಯ ಚೀಟಿ ಬರೆದ. ಬಾಗಿಲಲ್ಲಿದ್ದ ಪಂಪಾಪತಿ ಅದನ್ನು ಎರಡು ಬೆರಳಲ್ಲಿ ಹಿಡಿದು ತಂದು, ಅವಳ ಕೈಗೆ ಕೊಡದೆ ನೆಲಕ್ಕೆ ಬಿಟ್ಟ.

ಅವಳನ್ನು ರಾಯಚೂರಿಗೆ ಒಯ್ಯಲು ಪರಿಚಯದ ಗಾಡಿಯವನಿಗೆ ಫೋನು ಹಚ್ಚಿದೆ. ನನ್ನ ಶೌರ್ಯ ಅಷ್ಟಕ್ಕೆ ಮುಗಿಯಿತು. ಅವಳು ಮೆಟ್ಟಿಲ ಮೇಲೆ ಕುಳಿತು ಗಾಡಿಯ ದಾರಿ ಕಾಯುತ್ತಿದ್ದಳು. ಅಷ್ಟರಲ್ಲಿ ಪಂಪಾಪತಿ ಹೆರಿಗೆ ವಾರ್ಡಿನಿಂದ ತನ್ನ ಮಗಳ ಮೂರು ದಿನದ ಕೂಸನ್ನು ಎತ್ತಿಕೊಂಡು ಓಡೋಡಿ ಬಂದ.

"ಅವ್ವಾ, ಮನಿಗೆ ಒಯ್ಯಾಕತ್ತೀವಿ. ನಿನ್ನ ಕೈಗುಣ ಚೊಲೋ ಐತಿ, ಒಂದೀಟು ಭಂಡಾರ ಹಚ್ಚು," ಎಂದು ಅವಳ ಉಡಿಗೆ ಹಾಕಿದ.

ಅವಳು ಹಚ್ಚಿದಳು. ಪಂಪಾಪತಿ ಬಗ್ಗಿ ಕಾಲಿಗೆ ಹಣೆ ಹಚ್ಚಿದ, ಬಾತ ಕಾಲನ್ನು ಬಿಟ್ಟು ಇನ್ನೊಂದಕ್ಕೆ. ಎದ್ದವನು ಭಕ್ತಿಯಿಂದ ವಿಚಾರಿಸಿದ:

"ಡಾಕ್ಟ್ರು ಚೆಂದಂಗ ನೋಡಿದ್ರೇನವ್ವಾ?"

ಅಮರೇಶ್ವರಿ ಕೂಸಿನ ಟೊಪ್ಪಿಗೆ ಸರಿಮಾಡುತ್ತ ಹೇಳಿದಳು:

"ನೋಡಿದ್ರಪ್ಪಾ. ಕಾಲೊಂದು ಬಿಟ್ಟು ಎಲ್ಲಾ ನೋಡಿದ್ರು."