ಒಣಗದ್ದೆಯ ಬಾತುಕೋಳಿಗಳು

ಗದ್ದೆಯಿಂದ ಮೇಲೇಳದೆ ಉಳಿದ ಮೀಥೇನನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಇದನ್ನು ಬರೆಯುವ ಹೊತ್ತಿಗೂ ಉತ್ತರ ಹೊಳೆದಿಲ್ಲ. ಒನ್-ನಾರ್ತ್ ಎಂಬ ಉದ್ಯಮ ಬಡಾವಣೆಯ ಕಟ್ಟಡವೊಂದರ ಒಂಬತ್ತನೆಯ ಮಹಡಿಯಲ್ಲಿದ್ದ ಸ್ಪಂದನಾಳ ಕಚೇರಿಗೆ ಮಾತ್ರ ಅಂಥ ಸಂಕೋಚವಿರಲಿಲ್ಲ. ಅಲ್ಲಿ ದಶಮಾಂಶದ ಎರಡನೆಯ ಸ್ಥಾನದವರೆಗೆ ತೂಗಿ ಕೊಡುತ್ತಿದ್ದರು.

ತತ್ತ್ವವೇನೋ ಸರಿಯಾದದ್ದೇ. ಭತ್ತದ ಗದ್ದೆಯಲ್ಲಿ ನೀರು ನಿಂತರೆ ಕೆಸರಿನ ಸೂಕ್ಷ್ಮಜೀವಿಗಳು ಮೀಥೇನ್ ಹೊರಬಿಡುತ್ತವೆ. ನಡುನಡುವೆ ಒಣಗಲು ಬಿಟ್ಟರೆ ಅವುಗಳ ಉತ್ಸಾಹ ಕುಗ್ಗುತ್ತದೆ. ನೆರೆದೇಶದ ರೈತರು ಗದ್ದೆಯಲ್ಲಿ ತೂತು ಕೊರೆದ ಕೊಳವೆಯೊಂದನ್ನು ಹೂತು, ಒಳಗಿನ ನೀರು ಮಣ್ಣಿನ ಮಟ್ಟಕ್ಕಿಂತ ಹದಿನೈದು ಸೆಂಟಿಮೀಟರ್ ಇಳಿದಾಗ ಫೋಟೊ ಕಳಿಸಬೇಕು. ಕಚೇರಿ ಅದನ್ನು ನೋಡಿ ಸಹಿ ಹಾಕಬೇಕು. ಆ ಸಹಿಯನ್ನು ಕಾರ್ಬನ್ ಕ್ರೆಡಿಟ್ ಎಂಬ ಹೆಸರಿನಲ್ಲಿ ಕೊಂಡು, ನಗರದ ಹಣಕಾಸು ಕೇಂದ್ರವಾದ ರಾಫೆಲ್ಸ್ ಪ್ಲೇಸಿನ ಬ್ಯಾಂಕೊಂದು ತನ್ನ ಅಧಿಕಾರಿಗಳ ವಿಮಾನಯಾನದ ಪಾಪ ತೊಳೆದುಕೊಳ್ಳಬೇಕು. ಗಂಗಾಸ್ನಾನಕ್ಕೂ ಇಷ್ಟು ಸುಸಜ್ಜಿತ ವ್ಯವಸ್ಥೆಯಿಲ್ಲ.

ಸಹಿ ಹಾಕುತ್ತಿದ್ದವರು ಮಹಾಬಲೇಶ್ವರ. ಉಡುಪಿ ಕಡೆಯವರು, ಐವತ್ತೇಳರ ಪ್ರಾಯ. ಇಡೀ ಕಚೇರಿಯಲ್ಲಿ ಗದ್ದೆಯ ಕೆಸರಿಗೆ ಕಾಲಿಟ್ಟಿದ್ದವರು ಅವರೊಬ್ಬರೇ. ಈ ಅನರ್ಹತೆಯನ್ನು ಮೇಲಧಿಕಾರಿ ಸ್ಪಂದನಾ, ಬೆಂಗಳೂರಿನ ಮೂವತ್ತೆರಡರ ತರುಣಿ, ದೊಡ್ಡ ಮನಸ್ಸಿನಿಂದ ಕ್ಷಮಿಸಿದ್ದಳು.

ಆ ವರ್ಷ ಮಳೆಗಾಲದ ವರದಿಯಲ್ಲಿ ಒಂದು ಹಳ್ಳಿಯ ನಾನೂರು ಕೊಳವೆಗಳೂ ಶಿಸ್ತಾಗಿ ಒಣಗಿದ್ದವು. ಮಹಾಬಲೇಶ್ವರರು ಫೋಟೊಗಳನ್ನು ಒಂದೊಂದಾಗಿ ಹಿಗ್ಗಿಸಿ ನೋಡಿ, ಸಹಿಯ ಜಾಗದಲ್ಲಿ ಎರಡು ವಾಕ್ಯ ಬರೆದರು: ಕೊಳವೆ ಒಣಗಿದೆ. ಸುತ್ತಲೂ ಬಾತುಕೋಳಿಗಳು ಈಜುತ್ತಿವೆ.

ಅವರನ್ನು ಸ್ಪಂದನಾ ಮೀಟಿಂಗ್ ರೂಮಿಗೆ ಕರೆದಳು.

“ಸರ್, ನಮ್ಮ ಫಾರ್ಮ್ಯಾಟ್‌ನಲ್ಲಿ ಬಾತುಕೋಳಿಗೆ ಕಾಲಮ್ಮೇ ಇಲ್ಲ.”

“ಗದ್ದೇಲಿ ಇದೆಯಲ್ಲಮ್ಮಾ. ಕೊಳವೆ ಅಡಿ, ತೂತು ಎಲ್ಲಾ ಮುಚ್ಚಿದ್ರೆ ಒಳಗೆ ನೀರು ಎಲ್ಲಿಂದ ಬರ್ಬೇಕು?”

“ಶುಕ್ರವಾರ ಸಬ್ಮಿಟ್ ಮಾಡ್ಬೇಕು. ನೀವು ಸೈನ್ ಮಾಡ್ದಿದ್ರೆ ನಿಮ್ಮ ಪೋಸ್ಟ್ ಉಳ್ಸೋಕೆ ನನ್ನ ಕೈಲಿ ಆಗಲ್ಲ.”

“ಗೊತ್ತು. ಈ ವಯಸ್ಸಿಗೆ ಬೇರೆ ಯಾರೂ ಕೆಲ್ಸ ಕೊಡಲ್ಲ ಅನ್ನೋದೂ ಗೊತ್ತು. ನನ್ನ ಹೆಸರು ಮಾತ್ರ ಬೇಡ.”

ಹಾಕರ್ ಸೆಂಟರಿನ ಅಗ್ಗದ ಊಟದಂಗಡಿಗಳ ಬಿರಿಯಾನಿಯ ಆಚೆಗೆ ಅಕ್ಕಿಯ ಪರಿಚಯವೇ ಇಲ್ಲದ ಸಹೋದ್ಯೋಗಿ ಚಿರಂತ್ ಹನ್ನೊಂದು ನಿಮಿಷದಲ್ಲಿ ಸಹಿ ಹಾಕಿದ. ಬ್ಯಾಂಕಿನ ವಾರ್ಷಿಕ ವರದಿಯ ಮುಖಪುಟದಲ್ಲಿ ಹಸಿರೆಲೆಯೊಂದು ಚಿಗುರಿತು. ಮಹಾಬಲೇಶ್ವರರ ಬೀಳ್ಕೊಡುಗೆಗೆ ಕಚೇರಿ ಪರಿಸರಪ್ರೇಮದ ಗುರುತಾಗಿ ಪ್ಲಾಸ್ಟಿಕ್ ಗಿಡ ಕೊಟ್ಟಿತು. ಪಾಪ, ಮನುಷ್ಯ ಕಾಲಕ್ಕೆ ಹೊಂದಿಕೊಳ್ಳಲಿಲ್ಲ ಎಂದು ಸ್ಪಂದನಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ವಿಧಾನವನ್ನೇ ನಂಬದವರು ಈ ಕೆಲಸಕ್ಕೆ ಬರಬಾರದಿತ್ತು ಎಂದೂ ಸೇರಿಸಿದಳು.

ಹದಿಮೂರು ತಿಂಗಳ ನಂತರ ಅವರು ಹೃದಯಾಘಾತದಿಂದ ತೀರಿಕೊಂಡರು. ಸ್ಪಂದನಾ ಕ್ಲೆಮೆಂಟಿಯಲ್ಲಿದ್ದ ಅವರ ಫ್ಲ್ಯಾಟಿಗೆ ಹೋಗಿ ಹೆಂಡತಿ ಸುನಂದಾರ ಎದುರು ಕುಳಿತಳು. ದುಃಖದ ನಡುವೆಯೂ ಆಕೆ ಕಚೇರಿಗೆ ಕೃತಜ್ಞತೆ ಹೇಳಿದರು.

“ಕೆಲ್ಸದಿಂದ ತೆಗೆದ್ಮೇಲೂ ನಾಲ್ಕು ಸಲ ಟೂರಿಗೆ ಕಳಿಸಿದ್ರಲ್ಲ, ದೊಡ್ಡ ಉಪಕಾರ. ಮನೇಲೇ ಕೂತಿದ್ರೆ ಕೊರಗ್ತಿದ್ರು.”

“ಎಲ್ಲಿಗೆ ಹೋಗಿದ್ರು, ಆಂಟಿ?” ಕಚೇರಿ ಕಳಿಸಿಯೇ ಇರದ ಟೂರಿನ ಬಗ್ಗೆ ಸ್ಪಂದನಾ ಕೇಳಿದಳು.

ಸುನಂದಾ ಗಂಡನ ಫೋನಿಗೆ ಹಿಂದಿನ ದಿನ ಬಂದಿದ್ದ ಸಂದೇಶವನ್ನು ತೋರಿಸಿದರು. ಬಾತುಕೋಳಿ ಈಜುತ್ತಿದ್ದ ಅದೇ ಹಳ್ಳಿಯ ರೈತ ಸಂಘದ್ದು. ಮುಂದಿನ ಸಲ ಯಾವಾಗ ಬರುತ್ತೀರಿ ಎಂದು ಕೇಳಿತ್ತು. ಮಹಾಬಲೇಶ್ವರರು ಕೆಸರಿನಲ್ಲಿ ನಿಂತು ತೋರಿಸಿಕೊಟ್ಟಂತೆ, ಪಂಪಿನ ಡೀಸೆಲ್ ಉಳಿಯುತ್ತದೆಂದು, ಹದಿನೇಳು ರೈತರು ಈ ಬೇಸಿಗೆ ಬೆಳೆಗೆ ಮೂರು ಸಲ ಗದ್ದೆ ಒಣಗಿಸಿದ್ದರು.