ಲಾಭ, ಎರಡು, ಮೂರು

ಒದ್ದೆ ಉಣ್ಣೆಗೆ ತೆಂಗಿನೆಣ್ಣೆ ತಾಗಿದಾಗ ಏಳುವ ವಾಸನೆ ಈಗಲೂ ನನ್ನನ್ನು ಈ ಪರದೇಶದ ಕಡಲೂರು ಕಾಟ್ವೈಕಿನ ಮರಳುದಿಬ್ಬದ ಬೆಂಚಿಗೆ ಕರೆದೊಯ್ಯುತ್ತದೆ. ಬೆಂಚಿನ ಈ ತುದಿಯಲ್ಲಿ ಅಜ್ಜಿ, ಒಂದೂವರೆ ಮೀಟರ್ ಬಿಟ್ಟು ಆ ತುದಿಯಲ್ಲಿ ಪಕ್ಕದ ಮನೆಯ ಹೆಂಕ್ ಅಜ್ಜ, ಕೆಳಗೆ ಮರಳಿನ ಮೇಲೆ ನೋಟುಪುಸ್ತಕ ಹಿಡಿದ ಹನ್ನೊಂದರ ನಾನು. ಮೂರು ತಿಂಗಳಿಗೆಂದು ಉಡುಪಿಯಿಂದ ಬಂದಿದ್ದ ಅಜ್ಜಿಯ ಟಿಕೆಟು ಲಾಕ್‌ಡೌನಿನಿಂದಾಗಿ ಮೂರು ಸಲ ರದ್ದಾಗಿತ್ತು. ಹೆಂಕ್ ಅಜ್ಜನ ಕಣ್ಣಿನ ಪೊರೆಯ ಆಪರೇಷನ್ನೂ ಮುಂದೆ ಹೋಗಿತ್ತು. ಅವನೂ ಹೆಂಡತಿ ರಿಯಾಳೂ ಎಷ್ಟೋ ವರ್ಷಗಳಿಂದ, ಚಳಿಗೆ ಮುಂಚೆ ಉತ್ತರದಿಂದ ಇಳಿದುಬರುವ ಲೂನ್ ಎಂಬ ನೀರುಹಕ್ಕಿಗಳನ್ನು ಅದೇ ಬೆಂಚಿನಿಂದ ಎಣಿಸಿದವರು. ಆ ವರ್ಷ ರಿಯಾ ವೃದ್ಧರ ಆರೈಕೆಮನೆಯಲ್ಲಿದ್ದಳು. ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ದಿನವೂ ಮಧ್ಯಾಹ್ನ ಹೆಂಕ್ ಅಜ್ಜ ಅಂದಿನ ಲೆಕ್ಕವನ್ನು ರಟ್ಟಿನ ಮೇಲೆ ದಪ್ಪಕ್ಕೆ ಬರೆದು, ಹುಲ್ಲಿನಾಚೆ ಕಟ್ಟಿದ ಹಗ್ಗದ ಬಳಿ ನಿಂತು ಅವಳ ಕಿಟಕಿಗೆ ತೋರಿಸುತ್ತಿದ್ದ. ಗಂಡಹೆಂಡಿರ ನಡುವೆ ಉಳಿದಿದ್ದ ಮಾತು ಅದೊಂದೇ. ಅದನ್ನು ನಡೆಸಲು ಅವನಿಗೆ ಕಣ್ಣು ಬೇಕಿತ್ತು, ಅಜ್ಜಿ ಕೊಟ್ಟಳು.

"ಕುತ್ತಿಗೆ ತಗ್ಗಿಸಿಕೊಂಡು ಹೋಗ್ತದೆ ನೋಡು, ಪೆಟ್ಟು ತಿಂದ ಮಾಷ್ಟ್ರ ಹಾಗೆ," ಎಂದು ಅಲೆಗಳಿಗೆ ತಾಗುವಂತೆ ಹಾರುವ ಬೂದು ಹಕ್ಕಿಯನ್ನು ಗುರುತಿಸಿ, ಕೈಗವಸು ಕಿತ್ತು, ಹೆಬ್ಬೆರಳನ್ನು ಬೆರಳ ಗೆಣ್ಣುಗಳ ಮೇಲೆ ಓಡಿಸುತ್ತಾ ಎಣಿಸುತ್ತಿದ್ದಳು: ಲಾಭ, ಎರಡು, ಮೂರು. ಹರೆಯದಲ್ಲಿ ಅಂಗಳದಲ್ಲಿ ಭತ್ತ ಅಳೆದ ಕೈ ಅದು. ಮೊದಲ ಅಳತೆಯನ್ನು ನಮ್ಮ ಕಡೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನನಗೇನು ಗೊತ್ತು? ಎಣಿಸುವ ಮುನ್ನ ದೇವರನ್ನು ನೆನೆಯುತ್ತಾಳೆಂದುಕೊಂಡು ಎರಡರಿಂದಲೇ ಗೆರೆ ಎಳೆಯುತ್ತಿದ್ದೆ. ದಿನವೂ ಒಂದು ಹಕ್ಕಿ ಕಡಿಮೆ ಬೀಳುತ್ತಿತ್ತು, ಯಾರಿಗೂ ತಿಳಿಯಲಿಲ್ಲ. ಮಂಜು ಕವಿದ ಒಂದು ದಿನ ಅಜ್ಜಿ "ಲಾಭ" ಎಂದವಳು ಮತ್ತೆ ಬಾಯಿ ತೆರೆಯಲಿಲ್ಲ. ನಾನು ಸೊನ್ನೆ ಬರೆದುಕೊಟ್ಟೆ.

ಮರುದಿನ ಹೆಂಕ್ ಅಜ್ಜ ಬೆಂಚಿಗೆ ಬರಲಿಲ್ಲ. ನಾವೇ ಹೋಗಿ ಅವನ ಬಾಗಿಲು ತಟ್ಟಿದೆವು. ಸೊನ್ನೆ ಕಂಡ ರಿಯಾ ಪರದೆ ಎಳೆದುಕೊಂಡಳಂತೆ. "ಇನ್ನು ಸಾಕು," ಎಂದ, ಬಾಗಿಲನ್ನು ಪೂರ್ತಿ ತೆರೆಯದೆ. ನಾನು ಅದನ್ನು ಕನ್ನಡಕ್ಕೆ ತಿರುಗಿಸುವಷ್ಟರಲ್ಲಿ ಅಜ್ಜಿಯ ಹುಬ್ಬು ಮೇಲೇರಿತ್ತು.

"ಸೊನ್ನೆಯಾ? ಲಾಭ ಬಂದಿತ್ತಲ್ಲ ಮಾರಾಯ್ತಿ!"

ನನ್ನ ಕಿವಿ ಹಿಂಡಿಯಾದ ಮೇಲೆ, ಸೀರೆಯ ಮೇಲೆ ಅಪ್ಪನ ಕೋಟು ತೊಟ್ಟು ಆರೈಕೆಮನೆಗೆ ಹೊರಟೇಬಿಟ್ಟಳು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಅತ್ತೆ, ರೂಲ್ಸ್ ಇದೆ. ಪೊಲೀಸ್ ಹಿಡಿದ್ರೆ?"

"ಹಿಡಿದು ಎಲ್ಲಿಗೆ ಕಳಿಸ್ತಾರೆ? ಊರಿಗೇ ಅಲ್ವಾ? ಕಳಿಸ್ಲಿ!"

ನೀವೂ ಆ ದಿನಗಳಲ್ಲಿ ಯಾರದೋ ಗಾಜಿನಾಚೆ ನಿಂತು ಬಂದವರಾದರೆ, ಅಜ್ಜಿ ಆ ಹಗ್ಗದ ಕೆಳಗೆ ನುಸುಳಿದ್ದನ್ನು ಕ್ಷಮಿಸುತ್ತೀರಿ. ಹಿಂದೆ ನಾನು, ನನ್ನ ಹಿಂದೆ ಬೇಡ ಬೇಡ ಎನ್ನುತ್ತಲೇ ಹೆಂಕ್ ಅಜ್ಜ. ಅಜ್ಜಿ ಗಾಜು ತಟ್ಟಿದಳು. ಪರದೆ ಸರಿಯಿತು. ಅಜ್ಜಿ ಒಂದು ಬೆರಳೆತ್ತಿ, ಕುತ್ತಿಗೆ ತಗ್ಗಿಸಿ, ಎರಡೂ ತೋಳು ಬಡಿಯುತ್ತಾ ಕಿಟಕಿಯ ಈ ಕೊನೆಯಿಂದ ಆ ಕೊನೆಗೆ ಹಾರಿದಳು. ನರ್ಸ್ ಓಡಿಬಂದು ಹಗ್ಗದಾಚೆ ಹೋಗಿ ಎಂದಳು. "ತಡಿ ಮಗಾ, ಹಕ್ಕಿ ಇನ್ನೂ ದಾಟಿಲ್ಲ," ಎಂದು ಅಜ್ಜಿ ಇನ್ನೊಮ್ಮೆ ಹಾರಿದಳು. ಒಳಗಿದ್ದ ರಿಯಾ, ತಪ್ಪು ಲೆಕ್ಕ ತೋರಿಸಿದ್ದ ಗಂಡನತ್ತ ಬೆರಳಾಡಿಸಿ ಬೈಯತೊಡಗಿದಳು. ಏನೂ ಕೇಳಿಸದಿದ್ದರೂ ಹೆಂಕ್ ಅಜ್ಜನ ಕಿವಿ ಕೆಂಪಾಯಿತು. ಅವನು ಮರುದಿನ ನಮಗಿಂತ ಮುಂಚೆ ಬೆಂಚಿನಲ್ಲಿದ್ದ.

ರಿಯಾ ಆ ಚಳಿಗಾಲ ದಾಟಲಿಲ್ಲ. ಅಜ್ಜಿ ಬೇಸಿಗೆಯಲ್ಲಿ ಊರಿಗೆ ಮರಳಿದಳು. ಈಗ ಅವಳೂ ಇಲ್ಲ. ಆ ಮನೆಯನ್ನೂ ನಾವು ಬಿಟ್ಟಾಯಿತು. ಕಳೆದ ಅಕ್ಟೋಬರಿನಲ್ಲಿ ನಾನು ಹೆಂಕ್ ಅಜ್ಜನನ್ನು ಕರೆದುಕೊಂಡು ಅದೇ ಬೆಂಚಿಗೆ ಹೋದೆ. ಅವನ ಕಣ್ಣು ಈಗ ಸರಿಯಾಗಿದೆ. ಬಹಳ ಹೊತ್ತು ಬರೀ ಅಲೆ. ಆಮೇಲೆ ಒಂದು ಹಕ್ಕಿ, ಕುತ್ತಿಗೆ ತಗ್ಗಿಸಿಕೊಂಡು, ದಕ್ಷಿಣಕ್ಕೆ. ಹೆಂಕ್ ಅಜ್ಜ ಕೈಗವಸು ಕಿತ್ತು, ಹೆಬ್ಬೆರಳನ್ನು ಕಿರುಬೆರಳ ಗೆಣ್ಣಿಗಿಟ್ಟು, "ಲಾಭ," ಎಂದ.

ನಾನು ಗೆರೆ ಎಳೆದೆ.